ಹೊಗೆಯೇ ಬಾರದ ದೀಪಗಳು

ನನ್ನ ಅಕ್ಷರ ಸೊಟ್ಟ, ಪದಗಳೂ ಕಡಿಮೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು; ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಂಡು ಓದಿ. ಹೇಳಹೊರಟಿರುವುದು ನಮ್ಮ ಚಿಕ್ಕಪ್ಪನ ಸಾಹಸ.

ಚಿಕ್ಕಪ್ಪ ಮನೆಯ ಒಂದು ಕೋಣೆಯಲ್ಲಿ ಕುಂಬಾರರ ಚಕ್ರ ಇಟ್ಟುಕೊಂಡು ಪಿಂಗಾಣಿಯ ಎಣ್ಣೆ ದೀಪ ಮಾಡುವವರು. ಚಿಕ್ಕಮ್ಮ ಅದೇ ಕೋಣೆಯಲ್ಲಿ ಆಸ್ಪತ್ರೆಯ ದಾದಿಯರಿಗೆ ಬಿಳಿ ಅಂಗಿ ಹೊಲಿಯುವವರು. ಚಿಕ್ಕಪ್ಪ ದೀಪ ಹಚ್ಚಿ ನೋಡಿದಾಗಲೆಲ್ಲ ಮಸಿ ನೆಟ್ಟಗೆ ಹೋಗಿ ಬಿಳಿ ಅಂಗಿಯ ಮೇಲೇ ಕೂರುತ್ತಿತ್ತು!

"ಇನ್ನೊಂದು ಚುಕ್ಕೆ ಮಸಿ ಬಿದ್ರೆ ನಿಮ್ಮ ಚಕ್ರ ಅಂಗಳಕ್ಕೆ. ಜೊತೆಗೆ ನೀವೂ!" ಚಿಕ್ಕಮ್ಮ ತೀರ್ಪು ಕೊಟ್ಟರು.

ಚಿಕ್ಕಪ್ಪ ಎದೆ ಉಬ್ಬಿಸಿದರು. "ನೋಡ್ತಿರು ಕಣೇ! ಹೊಗೆ ಅನ್ನೋ ಪದಾನೇ ಮರೆಸಿಬಿಡ್ತೀನಿ!"

ಬತ್ತಿ ಉದ್ದಕ್ಕೆ ಹೊರಚಾಚಿದರೆ ಹೊಗೆ. ಹಾಗಾಗಿ ಈ ಸಲ ಮುಚ್ಚಳವಿರುವ ದೀಪ ಮಾಡಿದರು. ಮುಚ್ಚಳದ ನಡುವೆ ಬತ್ತಿಯ ತುದಿಯಷ್ಟೇ ಇಣುಕುವ ತೂತು. ಅದುವರೆಗೆ ಮುಚ್ಚಳ ಮಾಡಿ ಗೊತ್ತಿಲ್ಲದ ಕೈ! ಎಣ್ಣೆ ಜಿನುಗಬಾರದೆಂದು, ಸುಟ್ಟಾಗ ಗಾಜಾಗುವ ಲೇಪವನ್ನು ಒಳಗೆ, ಹೊರಗೆ, ಅಂಚಿಗೆ, ಸಂದಿಗೆಲ್ಲ ಧಾರಾಳವಾಗಿ ಬಳಿದರು; ಲೇಪ ಕಲಸಿ ಕೊಟ್ಟವಳು ನಾನೇ. ಮುಚ್ಚಳ ಹಾಕಿ ಆವಿಗೆಯಲ್ಲಿಟ್ಟು ಸುಟ್ಟರು.

ಹೊರಬಂದವು ಥಳಥಳ ಹೊಳೆಯುವ ಮಹಾರಾಜರು! ಚಿಕ್ಕಪ್ಪ ಮುಚ್ಚಳ ಎತ್ತಿದರು. ದೀಪವೂ ಜೊತೆಗೇ ಎದ್ದು ಬಂತು. ತಿರುಚಿದರು. ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎಳೆದರು. ಕುತ್ತಿಗೆಯ ನರ ಉಬ್ಬಿತೇ ಹೊರತು ಮುಚ್ಚಳ ಮಿಸುಕಲಿಲ್ಲ. ಲೇಪ ಕರಗಿ ಎರಡನ್ನೂ ಒಂದು ಮಾಡಿತ್ತು, ತೂತೂ ಮಾಯ!

"ಒಂದಾದ್ರೂ ತೆರೆಯುತ್ತಾ?" ಚಿಕ್ಕಮ್ಮ ಕೇಳಿದರು.

"ಸ್ವಲ್ಪ ಬಿಗಿ ಇದೆ, ಅಷ್ಟೇ..."

"ಒಂದು ಮಾತು ಒಪ್ಪಲೇಬೇಕು ರೀ. ಇದರಿಂದ ಖಂಡಿತ ಹೊಗೆ ಬರಲ್ಲ!"

ಚಿಕ್ಕಪ್ಪ ಮುಖ ಸಣ್ಣದು ಮಾಡಿಕೊಂಡು ತಾವಾಗಿಯೇ ಚಕ್ರವನ್ನು ಬಾಗಿಲ ಕಡೆ ತಳ್ಳತೊಡಗಿದರು. ಅಷ್ಟರಲ್ಲಿ ಚಿಕ್ಕಮ್ಮ ಒಂದು ದೀಪವನ್ನು ಅಂಗೈಯಲ್ಲಿ ತೂಗಿ ನೋಡಿ, ಕತ್ತರಿಸಲು ಹರಡಿದ್ದ ಬಟ್ಟೆಯ ಮೂಲೆಗಿಟ್ಟರು. ಫ್ಯಾನಿನ ಗಾಳಿಗೆ ಕುಣಿಯುತ್ತಿದ್ದ ಬಟ್ಟೆ ತೆಪ್ಪಗೆ ಮಲಗಿತು!

"ಚಕ್ರ ಅಲ್ಲೇ ಇರ್ಲಿ ಬಿಡಿ," ಎಂದರು ಚಿಕ್ಕಮ್ಮ. "ಇವಿಷ್ಟೇ ಸಾಲಲ್ಲ, ನಂಗೆ ಇಂಥವೇ ಇನ್ನೂ ನಾಲ್ಕು ಬೇಕು. ಥೇಟ್ ಹೀಗೇ ಇರ್ಬೇಕು, ನೋಡಿ ಮತ್ತೆ!"

ಚಿಕ್ಕಪ್ಪ ತಲೆ ಕೆರೆದುಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದರು. "ಮಗಳೇ, ಇದನ್ನ ಹೇಗೆ ಕೆಡಿಸಿದ್ವಿ ಅಂತ ನೆನಪಿದೆಯಾ?"

ನೆನಪಿದೆ. ನಾಳೆ, ಇನ್ನೂ ಸುಡದೆ ಇಟ್ಟಿರುವ ದೀಪಗಳಲ್ಲಿ ನಾಲ್ಕರ ಅಂಚಿಗೆ ಲೇಪ ಬಳಿಯುತ್ತೇನೆ. ಮುಚ್ಚಳ ಅಂಟದಂತೆ ಉಳಿದವುಗಳ ಅಂಚನ್ನೂ ತೂತನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಸುಡಲು ಇಡುತ್ತೇನೆ. ಆಮೇಲೆ ಅವುಗಳಲ್ಲೊಂದನ್ನು ಹಚ್ಚಿ ನೋಡುತ್ತೇನೆ, ಅಂಗಳದಲ್ಲಿ.