ದಾರಿ ತಪ್ಪಿದ ಬಾಹ್ಯಾಕಾಶ ನಿಲ್ದಾಣ

ಬೀಗರಾಗುವವರು ಮನೆ ನೋಡಲು ಬಂದರೆ ಉಪ್ಪಿಟ್ಟು, ಚಹಾ ಕೊಟ್ಟು, ಹೊಸದಾಗಿ ಹೊಡೆಸಿದ ಬಣ್ಣ ತೋರಿಸಿ ಕಳಿಸುವುದು ಲೋಕರೂಢಿ. ಭಾಲ್ಕಿಯ ನಿವೃತ್ತ ವಿಜ್ಞಾನ ಶಿಕ್ಷಕ ಮಲ್ಲಿಕಾರ್ಜುನ ಮಾಸ್ತರರಿಗೆ ಲೋಕರೂಢಿ ಎಂದರೆ ಮೊದಲಿನಿಂದಲೂ ಅಲರ್ಜಿ. ಅವರು ಬೀಗರಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೇ ತೋರಿಸುವುದೆಂದು ತೀರ್ಮಾನಿಸಿಬಿಟ್ಟರು.

“ಸಂಜಿ ಆರು ಐವತ್ತೆರಡಕ್ಕ ವಾಯವ್ಯದಾಗ ಹುಟ್ಟತದ. ತಲಿ ಮ್ಯಾಲ ಹಾದು ಆಗ್ನೇಯಕ್ಕ ಮುಳಗ್ತದ. ಬರೇ ಐದು ಮಿನಿಟು,” ಎಂದು ಅವರು ಮೊಬೈಲು ನೋಡಿ ಘೋಷಿಸಿದರು.

“ಅವರು ಮನಿ ನೋಡ್ಲಿಕ್ಕ ಬರೋರ್ರೀ, ಮುಗಿಲು ನೋಡ್ಲಿಕ್ಕಲ್ಲ,” ಎಂದರು ಹೆಂಡತಿ ವತ್ಸಲಾಬಾಯಿ.

“ಮನಿ ಎಲ್ಲಾರ್ದೂ ಇರ್ತದ. ನಿಲ್ದಾಣ ಯಾರು ತೋರಿಸ್ತಾರ?”

ವತ್ಸಲಾಬಾಯಿಯ ಚಿಂತೆಗೆ ಕಾರಣವಿತ್ತು. ಮಗ ವಿನೀತನಿಗೆ ಮೂವತ್ತೊಂದು ತುಂಬಿತ್ತು. ಪಶುವೈದ್ಯ, ಸ್ವಭಾವದಲ್ಲಿ ಅವನು ಮದ್ದು ಹಾಕುವ ಆಕಳುಗಳಿಗಿಂತ ಸಾಧು. ಆದರೂ ಮೂರು ಸಂಬಂಧ ಮುರಿದಿದ್ದವು. ಮೊದಲನೆಯದು ಜಾತಕದಿಂದ, ಎರಡನೆಯದು ಹುಡುಗಿಗೆ ದನದ ವಾಸನೆ ಆಗದೆ, ಮೂರನೆಯದು ಮಾಸ್ತರರ ಬಾಯಿಂದ. (ಗ್ರಹಣದ ದಿನ ಊಟ ಮಾಡಬಾರದೆಂದ ಬೀಗರಿಗೆ ಅವರು ಒಂದೂವರೆ ತಾಸು ಪಾಠ ಮಾಡಿದ್ದರು, ನಡುನಡುವೆ ಪ್ರಶ್ನೆಯನ್ನೂ ಕೇಳಿದ್ದರು.) ಈ ನಾಲ್ಕನೆಯ ಹುಡುಗಿ, ಬೀದರಿನಲ್ಲಿ ಔಷಧಿ ಅಂಗಡಿ ನೋಡಿಕೊಳ್ಳುವ ಮಂಜಿರಿ, ವಿನೀತನಿಗೆ ಬಹಳ ಮನಸ್ಸಿಗೆ ಬಂದಿದ್ದಳು. ಅವಳಿಗೂ ಅವನು ಒಪ್ಪಿಗೆಯಾಗಿದ್ದ. ಇನ್ನು ಒಪ್ಪಬೇಕಾದವರು ಔರಾದದಲ್ಲಿದ್ದ ಅವಳ ಅಜ್ಜಿ ಒಬ್ಬರೇ. ಮನೆಯವರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು.

ಆಯಿಯದು ಒಂದೇ ಷರತ್ತು. ಆಗ್ನೇಯಕ್ಕೆ ಬಾಗಿಲಿರುವ ಮನೆಗೆ ಹುಡುಗಿ ಕೊಡುವುದಿಲ್ಲ. ಅವರ ತಂಗಿಯನ್ನು ಅಂಥ ಮನೆಗೆ ಕೊಟ್ಟಿದ್ದರು. ಅಲ್ಲಿ ಒಲೆ ಹೆಚ್ಚು ಉರಿಯುತ್ತದೋ ಅತ್ತೆ ಹೆಚ್ಚು ಉರಿಯುತ್ತಾಳೋ ಎಂಬುದು ಮೂವತ್ತು ವರ್ಷವಾದರೂ ತೀರ್ಮಾನವಾಗಿರಲಿಲ್ಲ.

“ನಮ್ದು ಪೂರ್ವಾಭಿಮುಖ ರೀ, ಖಾತ್ರಿ!” ಎಂದು ವತ್ಸಲಾಬಾಯಿ ಫೋನಿನಲ್ಲಿ ಮಾತು ಕೊಟ್ಟಿದ್ದರು. ಖಾತ್ರಿ ಅವರದಲ್ಲ, ಮಾಸ್ತರರದು. ಇಪ್ಪತ್ತೆರಡು ವರ್ಷದ ಹಿಂದೆ ಈ ಮನೆಗೆ ಪಾಯ ಹಾಕುವಾಗ ಮಾಸ್ತರರು ಶಾಲೆಯ ಪ್ರಯೋಗಶಾಲೆಯಿಂದ ದಿಕ್ಸೂಚಿ ತಂದು, ಸ್ವಂತ ಕೈಯಿಂದ ದಿಕ್ಕು ಹಿಡಿದು, ಸುಣ್ಣದಲ್ಲಿ ಗೆರೆ ಎಳೆದಿದ್ದರು. ಗೌಂಡಿ ಅಬ್ದುಲ ವಾಹೀದ ಅದೇ ಗೆರೆಯ ಮೇಲೆ ಗೋಡೆ ಕಟ್ಟಿದ್ದ. ಮಧ್ಯಾಹ್ನ ನಮಾಜಿಗೆಂದು ಅವನು ಪಶ್ಚಿಮಕ್ಕೆ ಚಾಪೆ ಹಾಸಿದರೆ, ಅದು ಗೋಡೆಗೆ ಓರೆಯಾಗಿ ಬೀಳುತ್ತಿತ್ತು. ಮಾಸ್ತರರಿಗೆ ಓರೆ ಕಂಡರೆ ಸುಮ್ಮನಿರಲಾಗದು.

“ವಾಹೀದಭಾಯಿ, ಪಶ್ಚಿಮ ಆ ಕಡಿ ಅದ. ಚಾಪಿ ಸೊಟ್ಟ ಹಾಕೀರಲ್ಲ?”

“ಚಾಪಿ ನೆಟ್ಟಗ ಅದರಿ ಗುರುಗಳೇ,” ಎಂದಿದ್ದ ವಾಹೀದ ವಿನಯದಿಂದ. “ಗೋಡಿನೇ ಜರಾ ಸೊಟ್ಟ ಇರಬೇಕು.”

ಮಾಸ್ತರರು ನಕ್ಕು ಭೂಕಾಂತತೆಯ ಬಗ್ಗೆ ಒಂದು ಪಾಠ ಹೇಳಿದ್ದರು. ಗೃಹಪ್ರವೇಶ ಡಿಸೆಂಬರಿನಲ್ಲಾಯಿತು. ಅಂದು ಸೂರ್ಯ ಹೆಚ್ಚುಕಡಿಮೆ ಬಾಗಿಲಿನ ಎದುರಿಗೇ ಹುಟ್ಟಿದ. ಮಾಸ್ತರರು ಎದೆ ಉಬ್ಬಿಸಿದರು. ಬೇಸಿಗೆ ಬಂದಾಗ ಬಿಸಿಲು ಬಾಗಿಲು ಬಿಟ್ಟು ಮೂಲೆಯ ಕೋಣೆಯ ಕಿಟಕಿಯಿಂದ ಬರತೊಡಗಿತು. ವತ್ಸಲಾಬಾಯಿ ಕೇಳಿದರೆ, “ಅದು ಉತ್ತರಾಯಣ. ಸೂರ್ಯ ಸರೀತಾನ, ಮನಿ ಸರಿಯೂದಿಲ್ಲ,” ಎಂದು ಬಾಯಿ ಮುಚ್ಚಿಸಿದರು. ಅಷ್ಟು ಓದಿದ ಗಂಡನ ಜೊತೆ ಸೂರ್ಯನ ವಿಷಯಕ್ಕೆ ಯಾರು ಜಗಳ ಆಡಬೇಕು? ಅವರು ಮೂಲೆಯ ಕಿಟಕಿಯಲ್ಲಿ ಹಪ್ಪಳ ಒಣಗಿಸಿಕೊಂಡರು.

ನಿಲ್ದಾಣ ತೋರಿಸಬೇಕಾದ ಆ ಜನವರಿಯ ದಿನ ಸಂಜೆ ಐದಕ್ಕೆ ಆಯಿ ಮತ್ತು ಅವರ ಮಗ ನಂದಕುಮಾರ, ಅಂದರೆ ಹುಡುಗಿಯ ತಂದೆ, ಔರಾದದಿಂದ ಬಂದರು. ಆಯಿ ಹೊಸ್ತಿಲಲ್ಲಿ ನಿಂತು ಅತ್ತಿತ್ತ ನೋಡಿದರು. “ಪೂರ್ವ ಅಲ್ರೀ?” ಎಂದರು. “ಶುದ್ಧ ಪೂರ್ವ,” ಎಂದರು ಮಾಸ್ತರರು. ಆಯಿ ಒಳಗೆ ಬಂದರು, ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡರು. ವತ್ಸಲಾಬಾಯಿಗೆ ಜೀವ ಬಂತು. ಇಲ್ಲಿಗೇ ತಾಂಬೂಲ ಕೊಟ್ಟು ಕಳಿಸಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಮಾಸ್ತರರು ಗಡಿಯಾರ ನೋಡಿ ಎದ್ದು ನಿಂತರು.

ಮಾಳಿಗೆಯ ಮೇಲೆ ಕುರ್ಚಿಗಳು ಮೊದಲೇ ಸಾಲಾಗಿದ್ದವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಂಟೂ ದಿಕ್ಕುಗಳ ಹೆಸರಿತ್ತು, ಎಲ್ಲವೂ ಗೋಡೆಗೆ ಹೊಂದಿಕೊಂಡು.

“ಅಪ್ಪಾ, ಫೋನಿನಾಗ ದಿಕ್ಕು ಬ್ಯಾರೆ ತೋರಸ್ಲಿಕತ್ತದ...” ಎಂದು ವಿನೀತ ಮೆಲ್ಲಗೆ ಹೇಳಿದ.

“ನಿನ್ನ ಫೋನು ನಿನ್ನೆ ಬಂದದ್ದು. ನಾ ಮೂವತ್ನಾಲ್ಕು ವರ್ಷ ಪಾಠ ಮಾಡೀನಿ. ಕೂಡು.”

ಎಲ್ಲರೂ ಮಾಸ್ತರರ ವಾಯವ್ಯಕ್ಕೆ ಮುಖ ಮಾಡಿ ಕುಳಿತರು. ಸರಿಯಾಗಿ ಆರು ಐವತ್ತೆರಡಾಯಿತು. ವಾಯವ್ಯದಲ್ಲಿ ಏನೂ ಹುಟ್ಟಲಿಲ್ಲ. ಐವತ್ಮೂರಾಯಿತು. ಮಾಸ್ತರರು ಗಂಟಲು ಸರಿಪಡಿಸಿಕೊಂಡರು.

“ಅಲ್ಲೆ ಎಡಕ್ಕ ಏನೋ ಹೊಳೀಲಿಕತ್ತದ ನೋಡ್ರಿ,” ಎಂದರು ಆಯಿ.

ನೀರಿನ ಟಾಕಿಯ ಪಕ್ಕದಿಂದ ಒಂದು ಚುಕ್ಕೆ ಎದ್ದು ಬರುತ್ತಿತ್ತು. ಮಿಣುಕಿಲ್ಲ, ಸದ್ದಿಲ್ಲ, ಎಣ್ಣೆ ಹಾಕಿದ ಗಾಲಿಯ ಹಾಗೆ ಸಾಗುತ್ತಿತ್ತು. ಕುರ್ಚಿಗಳು ಕರಕರ ತಿರುಗಿದವು. ಅದು ತಲೆಯ ಮೇಲೆ ಬಂದಾಗ ನಂದಕುಮಾರ ಎದ್ದು ನಿಂತು ಕೈ ಬೀಸಿದರು. ಅದರೊಳಗೆ ಮನುಷ್ಯರಿದ್ದಾರೆ, ಚಹಾ ಕುಡಿಯುತ್ತಾರೆ ಎಂದು ವಿನೀತ ಹೇಳಿದಾಗ ಆಯಿ ಕೈ ಮುಗಿದರು. ಚುಕ್ಕೆ ಆಚೆಗೆ ಇಳಿಯಿತು, ಮುಂಬಾಗಿಲಿನ ನೇರಕ್ಕೆ ಹೋಗಿ ಮಾಯವಾಯಿತು.

ಎಲ್ಲರೂ ಚಪ್ಪಾಳೆ ಹೊಡೆದರು. ಮಾಸ್ತರರೂ ಹೊಡೆದರು. ಆಯಿ ಮಾತ್ರ ಹೊಡೆಯಲಿಲ್ಲ.

“ಗುರುಗಳೇ, ಅದು ಯಾವ ಕಡಿ ಮುಳಗ್ತದ ಅಂದಿದ್ರಿ?”

“ಆಗ್ನೇಯಕ್ಕ ರೀ,” ಎಂದರು ಮಾಸ್ತರರು ಅಭ್ಯಾಸಬಲದಿಂದ.

“ಮುಳುಗಿದ್ದು ನಿಮ್ಮ ಬಾಗಿಲಾ ಮುಂದ.”

ವತ್ಸಲಾಬಾಯಿ ಗಂಡನನ್ನು ನೋಡಿದರು, ವಿನೀತ ನೆಲ ನೋಡಿದ. ಮಾಸ್ತರರ ಮುಂದೆ ಈಗ ಎರಡೇ ದಾರಿ. ಮನೆ ತಪ್ಪೆಂದರೆ ಸೊಸೆ ಹೋಗುತ್ತಾಳೆ, ನಿಲ್ದಾಣ ತಪ್ಪೆಂದರೆ ವಿಜ್ಞಾನ ಹೋಗುತ್ತದೆ. ಮಗನ ಮುಖ ನೋಡಿ ಅವರು ವಿಜ್ಞಾನವನ್ನು ಬಿಟ್ಟುಕೊಟ್ಟರು.

“ಏನದ ಅಂದ್ರ... ಇವತ್ತು ಅದು ಜರಾ ದಾರಿ ತಪ್ಪ್ಯದ. ಮ್ಯಾಲ ಗಾಳಿ ಭಾಳ ಇರ್ತದ.”

(ಮೇಲೆ ಗಾಳಿಯೇ ಇಲ್ಲ. ಹೀಗೆ ಬರೆದ ಎಂಟನೆಯ ತರಗತಿಯ ಹುಡುಗರಿಗೆ ಅವರು ಸೊನ್ನೆ ಕೊಟ್ಟಿದ್ದರು.)

“ಹೌದ್ರಿ?” ಎಂದು ಆಯಿ ಬೆರಳು ಚಾಚಿದರು, ಕುರ್ಚಿಗಳನ್ನು ಮೊದಲು ಹಾಕಿದ್ದ ದಿಕ್ಕಿಗೆ. “ಅಲ್ಲೆ ಕೆಳಗ ಧ್ರುವ ನಕ್ಷತ್ರ ಅದ. ನನ್ನ ಲಗ್ನದಾಗ ತೋರಿಸಿದ್ದು ಅದೇ. ಅಂದಿನಿಂದ ಹೊಲದಾಗ ದಿಕ್ಕು ನೋಡ್ಲಿಕ್ಕೂ ಅದೇ. ನೀವು ಅದರ ಕೆಳಗ ವಾಯವ್ಯ ಅಂತ ಬರದೀರಿ. ಅದೂ ದಾರಿ ತಪ್ಪ್ಯದೇನು?”

ಆಗ ಮಾಸ್ತರರಿಗೆ ಇಪ್ಪತ್ತೆರಡು ವರ್ಷದ ಹಿಂದಿನ ಆ ಮುಂಜಾನೆ ಕಣ್ಣಿಗೆ ಕಟ್ಟಿತು. ಅಗೆದ ಗುಂಡಿಗಳ ನಡುವೆ ದಿಕ್ಸೂಚಿ ಇಡಲು ಸಮತಟ್ಟಾದ ಜಾಗ ಸಿಕ್ಕಿರಲಿಲ್ಲ. ಸಿಕ್ಕಿದ್ದು ಒಂದೇ, ಸ್ಲ್ಯಾಬಿಗೆಂದು ತಂದ ಕಬ್ಬಿಣದ ಸರಳುಗಳ ರಾಶಿ. ಅದರ ಮೇಲೆಯೇ ಇಟ್ಟಿದ್ದರು. ದಿಕ್ಸೂಚಿಯ ಹತ್ತಿರ ಕಬ್ಬಿಣ ತರಬಾರದೆಂದು ಮೂವತ್ನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದವರು ಅವರೇ.

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು ಹೇಳಿದರು: “ನಿಲ್ದಾಣ ತಪ್ಪಿಲ್ಲರಿ. ಮನಿ ತಪ್ಪ್ಯದ. ತಪ್ಪಿಸಿದಾಂವ ನಾ.”

ವತ್ಸಲಾಬಾಯಿಗೆ ಮೂರ್ಛೆ ಬರುವುದೊಂದು ಬಾಕಿ. ಸಂಬಂಧ ಮುರಿಯುತ್ತದೆಂದಲ್ಲ; ಗಂಡ ತಪ್ಪೊಪ್ಪಿಕೊಂಡದ್ದನ್ನು ಅವರು ಮದುವೆಯಾದಂದಿನಿಂದ ಕೇಳಿರಲಿಲ್ಲ.

ಆಯಿ ನಿಧಾನವಾಗಿ ಎದ್ದರು. “ಸಂಜಿ ಬಾಗಿಲಾಗ ನಿಂತು ಬಿಸಿಲು ನೋಡಿದಾಗೇ ನನಗ ಗೊತ್ತಾಗಿತ್ತು. ನೀವು ಏನಂತೀರಿ ನೋಡಬೇಕಿತ್ತು. ಬಾಗಿಲಾ ಒಡದು ಕಟ್ಟಬಹುದು. ತಪ್ಪು ಒಪ್ಪದ ಮಾವನ್ನ ಒಡೀಲಿಕ್ಕ ಬರೂದಿಲ್ಲ. ಹುಡುಗಿ ಕೊಡ್ತೇವಿ. ಪೂರ್ವಕ್ಕೊಂದು ಬಾಗಿಲಾ ಇಡ್ರಿ.”

ವಿನೀತ ಮಂಜಿರಿಗೆ ಫೋನು ಮಾಡಲು ಒಂದೇ ನೆಗೆತಕ್ಕೆ ಮೆಟ್ಟಿಲಿಳಿದ. ಮಾಸ್ತರರಿಗೂ ಸಂತೋಷವಾಯಿತು, ಬೆಳಗಾಗುವ ತನಕ. ಬೆಳಿಗ್ಗೆ ಮಗನ ಫೋನಿನಲ್ಲಿ ದಿಕ್ಕು ನೋಡಿದರೆ ಪೂರ್ವಕ್ಕೆ ಗೋಡೆಯೇ ಇರಲಿಲ್ಲ, ಮೂಲೆ ಇತ್ತು. ಆ ಮೂಲೆಯಲ್ಲಿದ್ದದ್ದು ಅವರ ಓದುವ ಕೋಣೆ. ಪುಸ್ತಕ, ಆರಾಮಕುರ್ಚಿ, ಹೆಂಡತಿಯ ಮಾತು ಕೇಳಿಸದಂತೆ ಹಾಕುವ ಚಿಲಕ, ಎಲ್ಲ ಅಲ್ಲೇ. ಇನ್ನು ಮೇಲೆ ಊರಿನ ಮಂದಿಯೆಲ್ಲ ಆ ಕೋಣೆಯ ಮೂಲಕವೇ ಮನೆಯೊಳಗೆ ಬರುವವರು.

ಒಡೆಯಲು ಬಂದವನು ಅದೇ ವಾಹೀದ, ಗಡ್ಡ ಈಗ ಬೆಳ್ಳಗಾಗಿತ್ತು. ಮೂಲೆ ನೋಡಿದ, ಮಾಸ್ತರರನ್ನು ನೋಡಿದ, ಸುತ್ತಿಗೆ ಎತ್ತಿದ. ಮಧ್ಯಾಹ್ನ ಅಂಗಳದಲ್ಲಿ ಚಾಪೆ ಹಾಸಿದ, ಮೊದಲಿನಂತೆಯೇ ಓರೆಯಾಗಿ. ಕೋಣೆಯಿಂದ ಹೊರಬಿದ್ದ ಆರಾಮಕುರ್ಚಿಯನ್ನು ಮಾಸ್ತರರು ಎಳೆದು ತಂದು, ಚಾಪೆಗೆ ಸರಿಯಾಗಿ ತಿರುಗಿಸಿಕೊಂಡು ಕುಳಿತರು.

“ಏನ್ರೀ ಇದು, ಕುರ್ಚಿ ಸೊಟ್ಟ ಹಾಕೀರಲ್ಲ?” ಎಂದರು ವತ್ಸಲಾಬಾಯಿ ಒಡೆದ ಮೂಲೆಯಿಂದ ತಲೆ ಹೊರಗೆ ಹಾಕಿ.

“ಕುರ್ಚಿ ನೆಟ್ಟಗ ಅದ,” ಎಂದರು ಮಾಸ್ತರರು. “ಗೋಡಿನೇ ಜರಾ ಸೊಟ್ಟ ಅದ.”