ಸಿಲಿಕೋನಿನಲ್ಲಿ ಗಂಟು

ಆಳಂದದ ಅಂಚಿನ ಪುಟ್ಟ ಶೆಡ್ಡಿನಲ್ಲಿ ನಾನು ದಾಲ್ ಮಿಲ್ಲುಗಳ ಡ್ರೈಯರ್ ಬಾಗಿಲಿಗೆ, ಬಿಸಿಗಾಳಿ ಸೋರದಂತೆ, ಸಿಲಿಕೋನ್ ರಬ್ಬರಿನ ಪಟ್ಟಿ ಮಾಡುತ್ತೇನೆ. ಬರೀ ಸಿಲಿಕೋನ್ ಎಳೆದರೆ ಹರಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಸಿಲಿಕಾ ಪುಡಿ, ಅದೇ ನ್ಯಾನೋ ಪುಡಿ, ಬೆರೆತರೆ ಗಟ್ಟಿಯಾಗುತ್ತದೆ. ಇಷ್ಟು ವಿವರಿಸಲು ಬಾಯಿ ತೆರೆದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ.

ಬಸ್ಸಿನಲ್ಲಿ

ಪುಡಿಯ ಚೀಲ ಆಳೆತ್ತರ, ತೂಕ ಮಾತ್ರ ಹತ್ತು ಕಿಲೋ. ಕಲಬುರಗಿಯಲ್ಲಿ ಕಂಡಕ್ಟರ್ ಅದರ ಗಾತ್ರ ನೋಡಿಯೇ ಲಗೇಜ್ ಟಿಕೆಟ್ ಹರಿದ. ಇಳಿಯುವಾಗ ನರೋಣಾದ ಮುದುಕರೊಬ್ಬರು ನೆರವಿಗೆ ಬಂದು, ಕಚ್ಚೆ ಬಿಗಿದು, ಉಸಿರು ಹಿಡಿದು ಎತ್ತಿದರು. ಚೀಲ ಹಗುರಾಗಿ ಮೇಲೆದ್ದು, ಅವರೇ ಹಿಂದಿನ ಸೀಟಿನಲ್ಲಿ ಕುಳಿತುಬಿಟ್ಟರು. ಒಳಗೆ ಬಹುಪಾಲು ಗಾಳಿಯೇ ಎಂದೆ. ಅವರು ಕಂಡಕ್ಟರನ ಕಡೆ ತಿರುಗಿದರು.

“ಗಾಳಿಗೂ ಟಿಕೆಟ್ ಹರದಿಯಲ್ಲೋ. ಕಿಟಕಿ ಮುಚ್ಚು, ಇಲ್ಲಂದ್ರ ಹೊರಗಿನ ಗಾಳಿ ಪುಕ್ಕಟ ಹತ್ತತದ.”

ನ್ಯಾನೋ ಅಂದರೆ

ಶೆಡ್ಡಿನ ಬೋರ್ಡಿನ ಮೇಲೆ ‘ನ್ಯಾನೋ’ ಓದಿದ ರೈತರೊಬ್ಬರು, ಬಾಟಲಿಯಲ್ಲಿ ಬರುವ ನ್ಯಾನೋ ಯೂರಿಯಾ ಎಂದೇ ತಿಳಿದು, ತೊಗರಿಗೆ ಸಿಂಪಡಿಸಲು ಎರಡು ಬಾಟಲಿ ಕೇಳಿದರು. ಇದು ಗೊಬ್ಬರವಲ್ಲ, ಹರಿಯುವ ರಬ್ಬರನ್ನು ಹರಿಯದಂತೆ ಮಾಡುವ ಪುಡಿ ಎಂದು ಅರ್ಧ ಗಂಟೆ ಬಿಡಿಸಿ ಹೇಳಿದೆ. ಅವರು ಒಂದು ಮಾತೂ ತಪ್ಪಿಸದೆ ಕೇಳಿ, ಕಾಲಿನ ಚಪ್ಪಲಿ ಬಿಚ್ಚಿ ಮೇಜಿನ ಮೇಲಿಟ್ಟರು.

“ಹಂಗಿದ್ರ ತೊಗರಿ ಬಿಡ್ರಿ. ಈ ಹರದ ಉಂಗುಷ್ಟದ ಬಾರಿಗಿ ಒಂದೀಟು ಹಾಕ್ರಿ.”

ಅತ್ತೆಯ ವಿದ್ಯೆ

ಒಂದು ಮಿಲ್ಲಿಗೆ ಕೊಟ್ಟ ಪಟ್ಟಿ ಮೂರು ಸಲ ಹರಿದು ಮರಳಿತು. ನಾಲ್ಕನೆಯದೂ ಹರಿದರೆ ಶೆಡ್ಡಿಗೆ ಬೀಗವೇ ಗತಿ. ನಾನು ಪುಡಿ ಹೆಚ್ಚಿಸಿದಷ್ಟೂ ಅದು ಬೇಗ ಹರಿಯುತ್ತಿತ್ತು. ಬುತ್ತಿ ತಂದ ಅತ್ತೆ ಹರಿದ ತುಂಡಿನೊಳಗಿನ ಬಿಳಿ ಚುಕ್ಕೆ ನೋಡಿದರು.

“ಗಂಟಾಗ್ಯಾದಲ್ಲವ್ವಾ. ಅಂಬಲಿಗಿ ಹಿಟ್ಟು ಹಿಂಗ ಒಮ್ಮೆಲೇ ಸುರೀತಾರೇನು?”

ತಪ್ಪು ಅದೇ ಆಗಿತ್ತು. ಕಣಗಳು ಒಂದಕ್ಕೊಂದು ಅಂಟಿ ಗಂಟಾದರೆ ಬಲದ ಬದಲು ಬಿರುಕು. ಸ್ವಲ್ಪಸ್ವಲ್ಪವೇ ಹಾಕಿ ದಿನವಿಡೀ ನಾದಿದೆ. ಪಟ್ಟಿ ಹರಿಯದೆ ನಿಂತಿತು, ಶೆಡ್ಡೂ ಉಳಿಯಿತು.

ಸುದ್ದಿ ಕೇಳಿ, ಇದೇ ತೊಂದರೆಯಲ್ಲಿದ್ದ ಸೋಲಾಪುರದ ಎಂಜಿನಿಯರೊಬ್ಬರು ಬಂದರು. ನಾನು ಜೇವರ್ಗಿಗೆ ಹೋಗಿದ್ದೆ. ಗಂಟಾಗದಂತೆ ಕಲಸುವುದು ಹೇಗೆಂದು ಅವರು ಅತ್ತೆಯನ್ನೇ ಕೇಳಿದರು. ಅತ್ತೆ ತಮಗೆ ಗೊತ್ತಿದ್ದುದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು, ಅವರು ಎಲ್ಲವನ್ನೂ ಬರೆದುಕೊಂಡು ಹೋದರು.

ವಾರದ ಮೇಲೆ ಅವರ ಫೋನು ಬಂತು. ದನಿಯಲ್ಲಿ ತುಂಬ ಗೌರವ.

“ಮೇಡಂ, ಒಂದೂ ಗಂಟಿಲ್ರಿ, ಎಳದ್ರೂ ಹರೀವಲ್ದು. ಇನ್ನೊಂದೇ ಕೇಳೋದದ. ಕಡೀಕ ಹಾಕೋ ಮಜ್ಜಿಗಿ ಹುಳಿ ಇರಬೇಕೋ, ಸಿಹಿ ಇರಬೇಕೋ?”