ದೊಡ್ಡಪ್ಪನ ಅಸೆಂಬ್ಲರೂ ಬಂಗುಡೆ ಬುಟ್ಟಿಯೂ

ನಮ್ಮ ದೊಡ್ಡಪ್ಪನಿಗೆ ಹುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪೂರ್ತಿ ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ!

ಅವರ ಮನೆ ಕುಂದಾಪುರದ ಹತ್ತಿರದ ಬಸ್ರೂರಿನಲ್ಲಿ. ಪಾಲಿಟೆಕ್ನಿಕ್ಕಿನಲ್ಲಿ ಮೈಕ್ರೋಪ್ರೊಸೆಸರ್ ಪಾಠ ಮಾಡಿ ನಿವೃತ್ತರಾದವರು. ನಿವೃತ್ತರಾದವರು ಏನು ಮಾಡುತ್ತಾರೆ? ಪೇಪರ್ ಓದುತ್ತಾರೆ, ಸರ್ಕಾರವನ್ನು ಬೈಯುತ್ತಾರೆ. ದೊಡ್ಡಪ್ಪ ಅಸೆಂಬ್ಲರ್ ಬರೆಯಲು ಕುಳಿತರು. ಅಂದರೆ, ನಾವು ಬರೆದ ಪುಟ್ಟ ಪುಟ್ಟ ಆಜ್ಞೆಗಳನ್ನು ಚಿಪ್‌ಗೆ ತಿಳಿಯುವ ಅಂಕಿಗಳಾಗಿ ಬದಲಿಸುವ ಪ್ರೋಗ್ರಾಮು. ಅದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದಲ್ಲ ಎಂದೆ. ಕನ್ನಡಕದ ಮೇಲಿಂದ ನೋಡಿದರು.

“ಪ್ಯಾಟಿಯಂಗೆ ಮೀನ್ ಸಿಕ್ಕತ್ತ್ ಅಂದೇಳಿ ಗಾಳ ಹಾಕುವರ್ ಬಿಟ್ಟಿದ್ರಾ?”

ಕಷ್ಟ ಏನಪ್ಪಾ ಎಂದರೆ, ಪ್ರೋಗ್ರಾಮು ಬರೆಯುವವನು ನಾಲ್ಕು ಆಜ್ಞೆ ಬರೆಯುತ್ತಾನೆ, ನಡುವೆ ಎರಡು ಸಾಲು ಮಾಹಿತಿ ತುರುಕುತ್ತಾನೆ, ಮತ್ತೆ ಆಜ್ಞೆಗೆ ಹಾರುತ್ತಾನೆ. ಅಸೆಂಬ್ಲರ್ ಕೊನೆಗೆ ಆಜ್ಞೆಯ ತುಂಡುಗಳನ್ನೆಲ್ಲ ಒಂದೆಡೆ, ಮಾಹಿತಿಯ ತುಂಡುಗಳನ್ನೆಲ್ಲ ಇನ್ನೊಂದೆಡೆ ಜೋಡಿಸಿ ಕೊಡಬೇಕು. ಅಲ್ಲಿಯವರೆಗೆ ಯಾವುದಕ್ಕೆ ಎಷ್ಟು ಜಾಗ ಬಿಡುವುದು? ಕಮ್ಮಿ ಬಿಟ್ಟರೆ ಸಾಲದು, ಹೆಚ್ಚು ಬಿಟ್ಟರೆ ದಂಡ. ಈ ಪ್ರಶ್ನೆ ಆರು ತಿಂಗಳು ದೊಡ್ಡಪ್ಪನ ತಲೆ ತಿಂದಿತು, ದೊಡ್ಡಪ್ಪ ನಮ್ಮ ತಲೆ ತಿಂದರು!

ಉತ್ತರ ಕೊಟ್ಟವಳು ಮೀನು ಮಾರುವವಳು. ಅವಳ ಬುಟ್ಟಿಯೊಳಗೆ ಬಂಗುಡೆ ಒಂದು ಬದಿ, ಬೂತಾಯಿ ಮೀನು ಒಂದು ಬದಿ, ನಡುವೆ ಬಾಳೆಲೆ.

“ಬಂಗ್ಡಿ ಜಾಸ್ತಿ ಬಂದ್ರ್ ಎಂತ ಮಾಡ್ತೆ?” ದೊಡ್ಡಪ್ಪ ಕೇಳಿದರು.

“ಇನ್ನೊಂದ್ ಬುಟ್ಟಿ ತತ್ತೆ. ಅಷ್ಟ್ ಕಲ್ತ್, ಇದ್ ಗೊತ್ತಿಲ್ಯಾ ಮಾಷ್ಟ್ರೆ?”

ದೊಡ್ಡಪ್ಪ ಒಳಗೆ ಓಡಿದರು! ಆಜ್ಞೆಗೊಂದು ಬುಟ್ಟಿ, ಮಾಹಿತಿಗೊಂದು ಬುಟ್ಟಿ. ತುಂಬಿದರೆ ಇನ್ನೊಂದು, ಮುಂದಿನ ಬುಟ್ಟಿ ಎಲ್ಲಿದೆ ಎಂದು ಹಿಂದಿನ ಬುಟ್ಟಿಯಲ್ಲೇ ಒಂದು ಚೀಟಿ. ಸಂಜೆಯ ಹೊತ್ತಿಗೆ ಅಷ್ಟೂ ಬರೆದು ಮುಗಿಸಿದರು. ಕೊಂಡು ಜಗಲಿಯಲ್ಲೇ ಬಿಟ್ಟು ಹೋದ ಬಂಗುಡೆಯನ್ನು ಬೆಕ್ಕು ಮುಗಿಸಿತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ವಂಡ್ಸೆಯಲ್ಲಿ ನೆಂಟರ ಮಗುವಿನ ನಾಮಕರಣಕ್ಕೆ ಆರು ಜನ ಹೊರಟೆವು. ಕೊಲ್ಲೂರು ಬಸ್ಸು. ಕಾಲಿಡಲು ಜಾಗವಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಮೂಲೆಯಲ್ಲಿ ಸೀಟು. ದೊಡ್ಡಪ್ಪನಿಗೆ ಬುಟ್ಟಿಯ ಚೀಟಿ ನೆನಪಾಗಿ ಖುಷಿಯೋ ಖುಷಿ!

“ಎಲ್ಲ ಒಟ್ಟಿಗ್ ಕೂಕಣ್ಕ್ ಅಂದೇಳಿ ಇಲ್ಲ. ಒಬ್ಬೊಬ್ರ್ ತಮ್ಮ್ ಮುಂದಿನವ್ರ್ ಸೀಟ್ ನೆನಪಿಟ್ಕಣಿ. ಇಳುವತಿಗೆ ಅವ್ರನ್ನ್ ಎಬ್ಸಿರೆ ಸಾಕ್.”

ದೊಡ್ಡಪ್ಪ ದೊಡ್ಡಮ್ಮನನ್ನು ಎಬ್ಬಿಸಬೇಕು, ದೊಡ್ಡಮ್ಮ ಚಿಕ್ಕಮ್ಮನನ್ನು, ಚಿಕ್ಕಮ್ಮ ನನ್ನನ್ನು, ಹೀಗೆ. ಹೆಮ್ಮಾಡಿ ದಾಟುವಾಗ ಚಿಕ್ಕಮ್ಮನಿಗೆ ಹೊಟ್ಟೆ ತೊಳೆಸಿತು. ಹಿಂದೆ ಖಾಲಿಯಾದ ಕಿಟಕಿ ಸೀಟಿಗೆ ಹೋಗಿ ನಿದ್ದೆ ಹೋದರು. ಅವರ ಸೀಟಿನಲ್ಲಿ ಇನ್ಯಾರೋ ಹೆಂಗಸು ಕುಳಿತರು. ವಂಡ್ಸೆ ಬಂತು. ದೊಡ್ಡಮ್ಮ ಮುಖ ಕೂಡ ನೋಡದೆ ಆ ಸೀಟಿನವರ ಕೈ ಹಿಡಿದು ದರದರ ಎಳೆದುಕೊಂಡು ಇಳಿದೇ ಬಿಟ್ಟರು!

“ಹ್ವಾಯ್! ನಾನ್ ಕೊಲ್ಲೂರಿಗೆ ಹೋಪುದ್ ಮಾರಾಯ್ರೆ!”

ಅಷ್ಟರಲ್ಲಿ ಬಸ್ಸು ಹೊರಟಾಗಿತ್ತು. ನಾನೂ ಗೊರಕೆಯಲ್ಲಿದ್ದೆ. ನಮಗೆ ನಾಲ್ವರಿಗೆ ಎಚ್ಚರವಾದದ್ದು ಕೊಲ್ಲೂರಿನಲ್ಲಿ. ದೇವಿಗೆ ಕೈ ಮುಗಿದು, ಅಲ್ಲೇ ಊಟ ಮಾಡಿ ಬಂದೆವು. ನಾಮಕರಣದ ಹೋಳಿಗೆ ತಿಂದದ್ದು ಆ ಹೆಂಗಸು! ದೊಡ್ಡಪ್ಪನಿಗೆ ಪಶ್ಚಾತ್ತಾಪವೇ? “ಲೆಕ್ಕ ಸರಿಯೇ ಇತ್ತ್. ಹೇಳ್ದೆ ಜಾಗ ಬದಲ್ಸಿದ್ ಯಾರ್?” ಎಂದು ಚಿಕ್ಕಮ್ಮನಿಗೇ ಬೈದರು.

ಆಮೇಲೆ ಅಸೆಂಬ್ಲರಿಗೆ ಮಾತು ಕಲಿಸಿದರು. ಗೊತ್ತಿಲ್ಲದ ಹೆಸರು ಕಂಡರೆ ಅದು “ಇದ್ ಯಾರ್ ಮಾರಾಯ? ಗುರ್ತ ಇಲ್ಲ” ಎನ್ನುತ್ತದೆ. ಒಂದೇ ಹೆಸರು ಎರಡು ಕಡೆ ಇಟ್ಟರೆ, “ಊಟಕ್ ಕರ್ದ್ರೆ ಇಬ್ರಂಗೆ ಯಾರ್ ಬಪ್ಪುದ್?” ಎಲ್ಲ ಸರಿಯಿದ್ದರೆ ಒಂದೇ ಮಾತು: “ಅಡ್ಡಿಲ್ಲ.” ಕುಂದಾಪುರದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇದೆಯೇ?

ಮೂರು ವರ್ಷವಾದ ಮೇಲೆ, ಹೋದ ತಿಂಗಳು ದೊಡ್ಡಪ್ಪನ ಫೋನು ಬಂತು. “ಅಡ್ಡಿಲ್ಲ ಅಂತ್! ಬಾ!”

ಬ್ರಹ್ಮಾವರದಿಂದ ಸ್ಕೂಟರಿನಲ್ಲಿ ಹಾರಿ ಹೋದೆ. ರಾಕೆಟ್ಟೇ ಇರಬೇಕು ಅಂದುಕೊಂಡಿದ್ದೆ! ನೋಡಿದರೆ ದೊಡ್ಡಪ್ಪನ ಕುರ್ಚಿಯ ಕೈಯಲ್ಲಿ ಒಂದು ಸ್ವಿಚ್ಚು, ಅದರ ವೈರು ಅವರ ಪ್ರೋಗ್ರಾಮು ತುಂಬಿದ ಪುಟ್ಟ ಚಿಪ್‌ಗೆ. ಒತ್ತಿದರು. ಏನೂ ಆಗಲಿಲ್ಲ. ನಗು ತಡೆದುಕೊಂಡು ಅಡುಗೆಮನೆಯ ಕಡೆ ಇಣುಕಿದೆ. ಒಲೆಯ ಮೇಲಿನ ಗೋಡೆಯಲ್ಲಿ ಪುಟ್ಟ ಕೆಂಪು ಬಲ್ಬು, ಎರಡು ಸಲ ಮಿನುಗಿ ಆರಿತು.

“ಅವ್ಳಿಗ್ ಕೆಮಿ ಕೇಂತಿಲ್ಲ,” ದೊಡ್ಡಪ್ಪ ಅಡುಗೆಮನೆಯಲ್ಲಿದ್ದ ದೊಡ್ಡಮ್ಮನತ್ತ ನೋಡಿ, ತಮ್ಮ ಕಿವಿ ಮುಟ್ಟಿ ಮೆಲ್ಲಗೆ ಹೇಳಿದರು. “ಕೆಮಿಗ್ ಮಿಶನ್ ಹಾಕಂಬುಕೆ ನಾಚ್ಕಿ. ಗಟ್ಟಿ ಕರ್ದ್ರೆ ಬೈದ ಹಂಗ್ ಆತ್ತ್. ಒಂದ್ ಸಲ ಮಿನ್ಗಿರೆ ಚಾ.”

“ಎರಡು ಸಲ ಮಿನುಗಿದರೆ?”

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಚಾ ತಂದಿರಲಿಲ್ಲ. ಏನು ಬೇಕು ಎಂದೂ ಕೇಳಲಿಲ್ಲ. ದೊಡ್ಡಪ್ಪನ ಪಕ್ಕದ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಸುಮ್ಮನೆ ಕುಳಿತರು.